ನಾನು ಹಾಕದ ಕೂ

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ಹೇಳುವವರು ಎಷ್ಟೇ ದೊಡ್ಡವರಾಗಿರಲಿ, ಎದೆ ಮುಟ್ಟಿಕೊಂಡು ‘ನನಗೇ ಆದದ್ದು’ ಎನ್ನಲಿ, ನನ್ನ ತುಟಿಯ ತುದಿಯಲ್ಲಿ ಒಂದು ನಗು ಬಂದು ಕೂತುಬಿಡುತ್ತಿತ್ತು. ಆ ನಗುವಿಗಾಗಿ ನಾದಿನಿಯರಿಂದ ಬೈಸಿಕೊಂಡದ್ದೂ ಉಂಟು. ದುಬೈಯ ಒಂದು ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುವುದು ನನ್ನ ಕೆಲಸ. ಶಬ್ದ ಹೇಗೆ ಹುಟ್ಟುತ್ತದೆ, ಗಾಳಿಯಲ್ಲಿ ಹೇಗೆ ಹೋಗುತ್ತದೆ, ಗೋಡೆಗೆ ಬಡಿದು ಹೇಗೆ ವಾಪಸು ಬರುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವವಳು ನಾನು. ಈಗಲೂ ಹೇಳುತ್ತೇನೆ. ಆದರೆ ಆ ಪಾಠ ಬಂದ ದಿನ ಮನೆಗೆ ಬರುವಷ್ಟರಲ್ಲಿ ಮೈಯೆಲ್ಲ ಸೋತಿರುತ್ತದೆ.

ನೀವು ನಂಬಲೇಬೇಕು ಎಂದು ಇದನ್ನು ಬರೆಯುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಂಬುತ್ತಿರಲಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೆ.

ನಾನು ಧಾರವಾಡದ ಕಡೆಯವಳು, ನನ್ನ ಗಂಡ ಶೇಖರ ಬೆಳ್ತಂಗಡಿಯ ಕಡೆಯವರು. ಇಬ್ಬರದೂ ಕನ್ನಡವೇ ಎಂದು ಮದುವೆ ಮಾಡಿದರು. ಮದುವೆಯಾದ ಹೊಸತರಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ಅರ್ಥವಾಗಿ ಇನ್ನರ್ಧ ನಗೆಯಲ್ಲಿ ಕಳೆದುಹೋಗುತ್ತಿತ್ತು. ಇವರು ಸಣ್ಣದಕ್ಕೂ ‘ಎಂತ ಸಾವು ಮಾರಾಯ್ತಿ’ ಎನ್ನುವುದನ್ನು ಕೇಳಿ ನಮ್ಮವ್ವ ಹೌಹಾರುತ್ತಿದ್ದಳು. ಇವರಿಗೆ ಅಲ್ ಕೂಜ್‌ನ ಒಂದು ಎಸಿ ಡಕ್ಟ್ ಮಾಡುವ ವರ್ಕ್‌ಶಾಪಿನಲ್ಲಿ ಸೂಪರ್‌ವೈಸರ್ ಕೆಲಸ. ತಗಡು ಬಡಿಯುವ ಸದ್ದಿನ ನಡುವೆ ಕೂಗಿ ಕೂಗಿ ಗಂಟಲು ಒಂದು ಹದಕ್ಕೆ ಬಂದಿದೆ. ಆದರೆ ಆ ಗಂಟಲಿನ ನಿಜವಾದ ವಿದ್ಯೆ ಊರಿನಿಂದ ಬಂದದ್ದು, ಅದು ಕೂ.

ಇವರ ಊರಿನಲ್ಲಿ ಈ ಗುಡ್ಡಕ್ಕೊಂದು ಮನೆ, ಆ ಗುಡ್ಡಕ್ಕೊಂದು ಮನೆ. ಆಚೆಯವರನ್ನು ಕರೆಯಬೇಕಾದರೆ ಅಂಗಳದ ತುದಿಗೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು, ಉದ್ದಕ್ಕೆ ‘ಕೂ’ ಹಾಕುತ್ತಾರೆ. ಹೆಸರು ಹಿಡಿದು ಕೂಗಿದರೆ ಅಕ್ಷರಗಳೆಲ್ಲ ಗಾಳಿಯಲ್ಲಿ ಕಲಸಿಹೋಗುತ್ತವೆ, ಕೂ ಮಾತ್ರ ನೆಟ್ಟಗೆ ಹೋಗಿ ಮುಟ್ಟುತ್ತದೆ. ಕೇಳಿದವರು ತಮ್ಮ ಕೂ ಹಾಕಿ ಓಗೊಡುತ್ತಾರೆ. ಒಬ್ಬೊಬ್ಬರದೂ ಒಂದೊಂದು ರೀತಿ. ಇವರದು ತಗ್ಗಿನಲ್ಲಿ ಶುರುವಾಗಿ ನಿಧಾನ ಮೇಲೇರಿ, ತುದಿಯಲ್ಲಿ ಏನೋ ಪ್ರಶ್ನೆ ಕೇಳಿದ ಹಾಗೆ ಒಮ್ಮೆ ಹೊರಳುತ್ತದೆ. ಅತ್ತೆ ಅಡುಗೆಮನೆಯಲ್ಲಿ ಕೂತೇ ಯಾವ ಕೂ ಯಾರದು ಎಂದು ಹೇಳುತ್ತಿದ್ದರು.

ಬಯಲುಸೀಮೆಯಲ್ಲಿ ಬೆಳೆದ ನನಗೆ ಇದೆಲ್ಲ ಹೊಸದು. ನಮ್ಮ ಕಡೆ ಮನುಷ್ಯ ಮೈಲಿ ದೂರದಿಂದಲೇ ಕಾಣುತ್ತಾನೆ, ಒದರುವುದು ಯಾತಕ್ಕೆ? ಆದರೂ ಇವರು ಹಟಕ್ಕೆ ಬಿದ್ದು ಕಲಿಸಿದರು. ಬಂತು, ಸರಿಯಾಗಿ ಬರಲಿಲ್ಲ. ನನ್ನ ಕೂ ಮೇಲೆ ಹೋಗುತ್ತಲೇ ನಡುವೆ ಒಡೆದು, ಉಸಿರು ಸಿಕ್ಕಿಕೊಂಡು, ಕೊನೆಗೆ ಸಣ್ಣಗೆ ಕಿರುಚಿ ನಿಲ್ಲುತ್ತದೆ. ‘ಕುಕ್ಕರಿನ ವಾಷರ್ ಹೋದ ಹಾಗೆ ಉಂಟು’ ಎಂದು ಇವರು ಇಪ್ಪತ್ತು ವರ್ಷಗಳಿಂದ ನಗುತ್ತಿದ್ದರು. ಇಷ್ಟು ಕೆಟ್ಟದಾಗಿ ಕೂ ಹಾಕುವವರು ಈ ಭೂಮಿಯ ಮೇಲೆ ನೀನೊಬ್ಬಳೇ ಎನ್ನುತ್ತಿದ್ದರು. ಆ ಮಾತನ್ನು ದಯವಿಟ್ಟು ಗಮನದಲ್ಲಿ ಇಟ್ಟುಕೊಳ್ಳಿ.

ಕೂವಿಗೆ ಒಂದು ನಿಯಮವೂ ಇತ್ತು. ಹೊತ್ತಲ್ಲದ ಹೊತ್ತಿನಲ್ಲಿ, ನಿರ್ಜನ ಜಾಗದಲ್ಲಿ ಕೂ ಕೇಳಿದರೆ ತಕ್ಷಣ ಓಗೊಡಬಾರದು. ಎರಡನೇ ಸಲ ಕೇಳಿದರೂ ಸುಮ್ಮನಿರಬೇಕು. ಮೂರನೇ ಸಲವೂ ಕರೆದರೆ ಅದು ಮನುಷ್ಯರು, ಹೋಗಬಹುದು. ಮನುಷ್ಯರಲ್ಲದ್ದಕ್ಕೆ ಮೂರು ಸಲ ಕರೆಯಲಿಕ್ಕೆ ಆಗುವುದಿಲ್ಲವಂತೆ.

“ಯಾಕ್ರಿ, ಅದಕ್ಕ ಉಸಿರು ಸಾಲಂಗಿಲ್ಲೇನು?” ಎಂದು ನಾನು ಕೇಳಿದ್ದೆ.

“ನೀನು ನಗು. ನನ್ನ ಅಜ್ಜಿ ಹೇಳಿದ್ದು, ನಾನು ಬಿಡುವುದಿಲ್ಲ,” ಎಂದಿದ್ದರು ಇವರು. ಬಿಟ್ಟೂ ಇರಲಿಲ್ಲ. ಲೆಕ್ಕ ಇಟ್ಟುಕೊಂಡು ಓಗೊಡುವ ಗಂಡನನ್ನು ಕಟ್ಟಿಕೊಂಡು ನಾನು ಮರುಭೂಮಿ ತಿರುಗುತ್ತಿದ್ದೆ.

ತಿರುಗಾಟದ ಕಾರಣ ನನ್ನ ಕ್ಯಾಮೆರಾ. ಓರಗೆಯ ಹೆಂಗಸರು ಬಳೆ ಮಾಡಿಸಿಕೊಂಡಾಗ ನಾನು ಲೆನ್ಸ್ ತೆಗೆದುಕೊಂಡವಳು. ಮಿರ್ದಿಫ್‌ನ ನಮ್ಮ ಫ್ಲಾಟಿನ ಬಾಲ್ಕನಿಗೆ ಬರುವ ಪಿಕಳಾರ ಹಕ್ಕಿಯಿಂದ ಶುರುವಾದ ಹುಚ್ಚು ಅಲ್ ವತ್ಬಾದ ರಾಜಹಂಸಗಳವರೆಗೆ ಹೋಗಿತ್ತು. ಆ ಚಳಿಗಾಲದಲ್ಲಿ ನನಗೆ ಹೊಸ ಆಸೆಯೊಂದು ಹತ್ತಿತ್ತು. ಅಮೆರಿಕದ ಯಾವುದೋ ರಾಷ್ಟ್ರೀಯ ಉದ್ಯಾನದ ಚಿತ್ರಗಳನ್ನು ಫೋನಿನಲ್ಲಿ ನೋಡಿದ್ದೆ. ನೆಲ ಒಡೆದು ಮರದೆತ್ತರಕ್ಕೆ ಚಿಮ್ಮುವ ಬಿಸಿನೀರ ಬುಗ್ಗೆಗಳು, ಆ ಹಬೆಯ ನಡುವೆ ಮೈಮೇಲೆ ಹಿಮ ಹೊತ್ತು ನಿಂತ ಕಾಡುಪ್ರಾಣಿಗಳು. ಹಬೆಯಲ್ಲಿ ನಿಂತ ಒಂದು ಪ್ರಾಣಿಯ ಚಿತ್ರ ನನಗೂ ಬೇಕಿತ್ತು. ಅಲ್ಲಿಗೆ ಹೋಗುವುದು ನಮ್ಮ ಹಣೆಯಲ್ಲಿ ಬರೆದಿಲ್ಲ ಎಂದು ಗೊಣಗಿದ್ದಕ್ಕೆ, “ಅಷ್ಟು ದೂರ ಎಂತಕ್ಕೆ? ಅಲ್ ಐನ್‌ನಲ್ಲಿ ಬಿಸಿನೀರು ಉಂಟಲ್ಲ,” ಎಂದವರು ಇವರೇ.

ಅಲ್ ಐನ್‌ನಲ್ಲಿ ಜಬಲ್ ಹಫೀತ್ ಬೆಟ್ಟದ ಬುಡಕ್ಕೆ ಹುಲ್ಲುಹಾಸಿನ ಒಂದು ದೊಡ್ಡ ತಾಣವಿದೆ, ಅದರ ನಡುವೆ ಬಿಸಿನೀರಿನ ಕಾಲುವೆಗಳು. ನೀರು ಆಕಾಶಕ್ಕೇನೂ ಚಿಮ್ಮುವುದಿಲ್ಲ, ಸಪ್ಪಳವಿಲ್ಲದೆ ಉಕ್ಕಿ ಹರಿಯುತ್ತದೆ. ರಜೆಯ ದಿನ ಮಧ್ಯಾಹ್ನ ಹೋದರೆ ಕಾಲುವೆಯುದ್ದಕ್ಕೂ ಕುಟುಂಬಗಳು ಸಾಲಾಗಿ ಕೂತು, ಕಾಲು ನೀರಿಗೆ ಇಳಿಬಿಟ್ಟು, ಮಡಿಲಲ್ಲಿ ಬಿರಿಯಾನಿ ಇಟ್ಟುಕೊಂಡಿರುತ್ತವೆ. ಆದರೆ ಚಳಿಗಾಲದ ನಸುಕಿನಲ್ಲಿ ಅದೇ ಕಾಲುವೆಯ ಮೇಲೆ ದಟ್ಟ ಹಬೆ ನಿಂತಿರುತ್ತದೆ, ನೀರು ಮುಂದೆ ಹೋಗಿ ಆರುವ ಕಡೆಗೆ ಬೆಟ್ಟದ ನರಿಗಳು ಕುಡಿಯಲು ಬರುತ್ತವೆ ಎಂದು ಗ್ರೇಸಿಯಕ್ಕ ಹೇಳಿದ್ದರು. ಅಲ್ ಐನ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಗ್ರೇಸಿಯಕ್ಕ ಇವರ ಪಕ್ಕದ ಊರಿನವರು, ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ. ಶುಕ್ರವಾರ ಸಂಜೆ ಅವರ ಮನೆಯಲ್ಲಿ ಉಳಿದು, ಮಗಳು ಅನುವನ್ನು ಅಲ್ಲೇ ಮಲಗಿಸಿ, ಶನಿವಾರ ಬೆಳಕು ಹರಿಯುವ ಮುಂಚೆ ನಾವಿಬ್ಬರು ಹೊರಟೆವು.

ನೀರು ಬೆಟ್ಟದ ಕಡೆಗೆ ಬಾಗುವಲ್ಲಿ ಕಲ್ಲುಗಳ ಹಿಂದೆ ನಾನು ಟ್ರೈಪಾಡ್ ಊರಿಕೊಂಡು ಕೂತೆ. ಇವರಿಗೆ ಕೂತಲ್ಲಿ ಕೂರುವ ತಾಳ್ಮೆ ಇಲ್ಲ. ಹದ್ದುಗಳು ಏಳುವುದನ್ನು ನೋಡುತ್ತೇನೆಂದು ನನ್ನ ಸಣ್ಣ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೆಟ್ಟದ ಬುಡದ ಕಡೆಗೆ ಹೊರಟರು. ಅಲ್ಲಿ ಬಂಡೆಗಳ ನಡುವೆ ಫೋನ್ ಸರಿಯಾಗಿ ಹಿಡಿಯುವುದಿಲ್ಲ. ಬಿಸಿಲು ಬೆಟ್ಟದ ನೆತ್ತಿಗೆ ಬಿದ್ದ ಮೇಲೆ ನಾನು ಕೂ ಹಾಕುವುದು, ಇವರು ಇಳಿದು ಬರುವುದು ಎಂದು ಮಾತಾಯಿತು.

“ದೂರ ಹೋಗಬ್ಯಾಡ್ರಿ, ಕಲ್ಲು ಸಡಲ ಇರ್ತಾವ,” ಎಂದೆ.

“ನೀನು ನಿನ್ನ ನರಿ ನೋಡು ಮಾರಾಯ್ತಿ,” ಎಂದು ಹೋದರು.

ನರಿ ಬಂತು. ಬೂದುಬಣ್ಣದ ಬೆಳಕಿನಲ್ಲಿ ಮೊದಲು ಕಂಡದ್ದು ಅದರ ಕಿವಿ. ಇಲ್ಲಿಯ ನರಿಗೆ ಮೈ ಸಣ್ಣದು, ಕಿವಿ ದೊಡ್ಡದು. ಹಬೆಯೊಳಗಿಂದ ಒಂದೊಂದೇ ಹೆಜ್ಜೆ ಇಟ್ಟು ಬಂದು, ಮುಂಗಾಲು ಊರಿ, ನೀರಿಗೆ ಬಾಯಿ ಹಚ್ಚಿತು. ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಅದಕ್ಕೆ ಕೇಳೀತೇನೋ ಎಂದು ಭಯವಾಗುವಷ್ಟು ಹತ್ತಿರದಲ್ಲಿತ್ತು. ಲೆನ್ಸಿನ ಮೇಲೆ ಹಬೆ ಕೂತರೆ ಒರೆಸಲು ಹಳೆಯ ಕಾಟನ್ ಸೀರೆಯ ತುಂಡೊಂದನ್ನು ಕೈಯಲ್ಲಿ ಹಿಡಿದಿದ್ದೆ, ಆ ಕೈಯನ್ನು ಎತ್ತುವ ಧೈರ್ಯವಾಗಲಿಲ್ಲ. ನನ್ನ ಕ್ಯಾಮೆರಾದಲ್ಲಿ ಶಟರ್ ಸದ್ದಿಲ್ಲದೆ ಬೀಳುವ ಹಾಗೆ ಮಾಡಬಹುದು. ಹಾಗೆ ಮಾಡಿಕೊಂಡು ಬೆರಳೊಂದನ್ನು ಬಿಟ್ಟು ಬೇರೇನನ್ನೂ ಅಲ್ಲಾಡಿಸದೆ ಕೂತಿದ್ದೆ. ಅದೆಷ್ಟು ಹೊತ್ತೋ ತಿಳಿಯದು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಒಂದು ಸೊಲ್ಲು ಹೊರಡಲಿಲ್ಲ. ನನ್ನ ಕಿವಿಗೂ ನೀರಿನ ಸದ್ದು ಬಿಟ್ಟು ಏನೂ ಬೀಳಲಿಲ್ಲ. ಯಾವ ದೇವರ ಮುಂದೆ ಬೇಕಾದರೂ ಇದನ್ನು ಹೇಳಬಲ್ಲೆ.

ಕುಡಿದು ಮುಗಿದ ಮೇಲೆ ನರಿ ನಿಧಾನಕ್ಕೆ ತಿರುಗಿ ಹೋಯಿತು. ಅವಸರವೇನೂ ಇರಲಿಲ್ಲ ಅದಕ್ಕೆ. ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ನಾನೊಬ್ಬಳೇ ನಗುತ್ತಿದ್ದೆ. ಕೆಲವುಗಳಲ್ಲಿ ನರಿ ತಲೆಯೆತ್ತಿ ನೇರ ನನ್ನ ಲೆನ್ಸನ್ನೇ ನೋಡಿತ್ತು, ಎರಡೂ ಕಿವಿ ಮುಂದಕ್ಕೆ. ಅಂಥ ನೋಟಕ್ಕಾಗಿ ಜನ ವರ್ಷಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಬೆಟ್ಟದ ನೆತ್ತಿ ಕೆಂಪಾಯಿತು. ಎದ್ದು ನಿಂತು, ಬೆಟ್ಟಕ್ಕೆ ಮುಖ ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದೆ.

ಓಗೊಟ್ಟರು. ತಗ್ಗಿನಲ್ಲಿ ಶುರುವಾಗಿ, ಮೇಲೇರಿ, ತುದಿಯಲ್ಲಿ ಪ್ರಶ್ನೆಯಂತೆ ಹೊರಳುವ ಅದೇ ಕೂ, ಬಲಗಡೆಯ ಕೊರಕಲಿನಿಂದ. ಮೂರು ಸಲ ಕಾಯದೆ ಒಂದನೇ ಸಲಕ್ಕೇ ಓಗೊಟ್ಟಿದ್ದು ನನಗೆ ವಿಶೇಷ ಎನಿಸಿತು, ಹಸಿವಾಗಿರಬೇಕು ಎಂದುಕೊಂಡೆ.

ಟ್ರೈಪಾಡ್ ಮಡಚಿ ಚೀಲಕ್ಕೆ ತುಂಬಿದೆ. ಇವರು ಬರಲಿಲ್ಲ. ಮತ್ತೆ ಕೂ ಹಾಕಿದೆ, ಮತ್ತೆ ಓಗೊಟ್ಟರು, ಈ ಸಲ ಸ್ವಲ್ಪ ದೂರದಿಂದ. ನನಗೆ ರೇಗಿತು. ಇಳಿದು ಬಾ ಎಂದರೆ ಹತ್ತುವ ಮನುಷ್ಯನಿಗೆ ಏನು ಹೇಳುವುದು? ಗ್ರೇಸಿಯಕ್ಕ ನಾಷ್ಟಾಕ್ಕೆ ಕಾಯುತ್ತಿರುತ್ತಾರೆ, ಮಗಳು ಎದ್ದಿರುತ್ತಾಳೆ. ಬೈದುಕೊಳ್ಳುತ್ತಲೇ ಬಂಡೆಗಳ ಕಡೆ ನಡೆದೆ. ನಡುನಡುವೆ ನಿಂತು ಕೂ ಹಾಕುವುದು, ಉತ್ತರ ಬಂದ ಕಡೆಗೆ ತಿರುಗುವುದು. ಉತ್ತರ ಒಂದು ಸಲವೂ ತಪ್ಪಲಿಲ್ಲ. ಹೀಗೆ ಬಲಗಡೆಯ ಕೊರಕಲನ್ನು ಹೊಕ್ಕೆ. ಅದೊಂದು ಕಿರಿದಾದ, ಹೊರಗಿನಿಂದ ನೋಡಿದರೆ ಗೊತ್ತೇ ಆಗದ ಜಾಗ. ಆ ಕೂ ಇಲ್ಲದಿದ್ದರೆ ನಾನು ಅಲ್ಲಿ ಕಾಲಿಡುತ್ತಿರಲಿಲ್ಲ, ಎದುರಿಗೆ ಕಾಣುವ ಕಾಲುದಾರಿಯಲ್ಲಿ ನೇರ ಮೇಲೆ ಹೋಗಿಬಿಡುತ್ತಿದ್ದೆ.

ಕೊರಕಲಿನ ತಿರುವಿನಲ್ಲಿ ಇವರು ಬಿದ್ದಿದ್ದರು.

ಮಗ್ಗುಲಾಗಿ, ಒಂದು ಕೈ ಮೈಯಡಿಗೆ ಸಿಕ್ಕಿಕೊಂಡು. ತಲೆಯ ಕೆಳಗಿನ ಕಲ್ಲೆಲ್ಲ ಒದ್ದೆ. ಕೆಳದವಡೆ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಒಂದು ಪಕ್ಕಕ್ಕೆ ಸರಿದಿತ್ತು. ಗಲ್ಲದ ಮೇಲಿನ ರಕ್ತ ಆಗಲೇ ಕಪ್ಪಗೆ ಒಣಗಿತ್ತು. ಈಗ ಬಿದ್ದವರಲ್ಲ, ಬಿದ್ದು ಹೊತ್ತಾಗಿದೆ ಎನ್ನುವುದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾನು ಮೊಣಕಾಲೂರಿ ಮೂಗಿನ ಹತ್ತಿರ ಕೈ ಹಿಡಿದೆ. ಉಸಿರಿತ್ತು. ಅದರ ಸದ್ದು ಕೇಳಲು ನಾನು ಕಿವಿ ತೀರ ಹತ್ತಿರ ತರಬೇಕಾಯಿತು.

ಹಾಗೆ ಬಗ್ಗಿದ್ದಾಗ, ನನ್ನ ಬೆನ್ನ ಹಿಂದೆ, ಬಂಡೆಯ ಮೇಲಿನಿಂದ, ಇವರ ಕೂ ಇನ್ನೊಂದು ಸಲ ಬಂತು.

ನನ್ನ ಅಂಗೈ ಇವರ ಬಾಯಿಯ ಹತ್ತಿರವೇ ಇತ್ತು. ಆ ಬಾಯಿ ಅಲ್ಲಾಡಲಿಲ್ಲ. ಕೂ ಪೂರ್ತಿಯಾಗಿ, ಅವಸರವಿಲ್ಲದೆ, ತುದಿಯ ಆ ಹೊರಳು ಸಮೇತ ಕೇಳಿಸಿ ನಿಂತಿತು. ನಾನು ತಿರುಗಿ ನೋಡಲಿಲ್ಲ. ಧೈರ್ಯವೋ ಹೆದರಿಕೆಯೋ ಕೇಳಬೇಡಿ, ಕತ್ತು ತಿರುಗಲಿಲ್ಲ. ಎರಡು ಕೈಯಿಂದ ಇವರ ಅಂಗಿ ಹಿಡಿದುಕೊಂಡು ‘ಯಾರರ ಬರ್ರೀ’ ಎಂದು ಕಿರುಚಿದೆ. ಅದು ಕೂ ಆಗಿರಲಿಲ್ಲ. ಆಮೇಲೆ ಬೆಟ್ಟದಲ್ಲಿ ಯಾವ ಸದ್ದೂ ಇರಲಿಲ್ಲ.

ಕೊರಕಲಿನ ಬಾಯಿಯವರೆಗೆ ಗಸ್ತು ಬಂದಿದ್ದು, ಕಿರುಚಿದ್ದು ಕೇಳಿ ಓಡಿ ಬಂದದ್ದು ಹುಲ್ಲುಹಾಸಿನ ಕಾವಲುಗಾರ, ಗಡ್ಡಕ್ಕೆ ಮೆಹಂದಿ ಹಚ್ಚಿದ ವಯಸ್ಸಾದ ಪಠಾಣ. ತನ್ನ ಶಾಲನ್ನು ಇವರಿಗೆ ಹೊದಿಸಿ, ಕೆಳಗೆ ಓಡಿಹೋಗಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದವನು ಅವನೇ. ಕಾಯುತ್ತ ಕೂತಾಗ ಅವನು ಹಿಂದಿಯಲ್ಲಿ ಒಂದು ಮಾತು ಹೇಳಿದ. ಬೆಳಕಾಗುವ ಮುಂಚಿನಿಂದ ನೀವು ಕರೆಯುತ್ತಲೇ ಇದ್ದಿರಿ ಮೇಡಂ, ಮಕ್ಕಳನ್ನು ಆಡಿಸುತ್ತಿದ್ದೀರಿ ಎಂದುಕೊಂಡೆ, ಮೊದಲೇ ಬರಬೇಕಾಗಿತ್ತು, ಮಾಫ್ ಕರ್ನಾ. ನಾನು ಬೆಳಕಾದ ಮೇಲೆ ಕರೆದದ್ದು ಎಂದೆ. ಅವನು ಅಲ್ಲವೆಂದು ತಲೆಯಾಡಿಸಿದ, ನನ್ನ ಸ್ಥಿತಿ ನೋಡಿ ವಾದಿಸಲಿಲ್ಲ. ಗಂಡಸಿನ ಧ್ವನಿ ಕೇಳಿತೇ ಎಂದು ಕೇಳಿದೆ. ಇಲ್ಲ, ಹೆಂಗಸಿನದೊಂದೇ, ನೀರಿನ ಕಡೆಯಿಂದ ಎಂದ. ಆಗ ನನಗೆ ಅದರ ಮೇಲೆ ಗಮನವಿರಲಿಲ್ಲ.

ದವಡೆ ಎರಡು ಕಡೆ ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು, ರಕ್ತ ಬಹಳ ಹೋಗಿತ್ತು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು. ಗ್ರೇಸಿಯಕ್ಕ ರಜೆ ಹಾಕಿ ನನ್ನ ಜೊತೆ ಕೂತರು. ಇವರು ಓಗೊಟ್ಟದ್ದರಿಂದಲೇ ನನಗೆ ಜಾಗ ಸಿಕ್ಕಿತು ಎಂದು ನಾನು ಹೇಳಿದಾಗ ಅವರು ನನ್ನ ಕೈ ಹಿಡಿದುಕೊಂಡರು.

“ನೀವು ಎಂತ ಹೇಳುವುದು? ಈ ದವಡೆ ಇಟ್ಟುಕೊಂಡು ಅವರಿಗೆ ನರಳಲಿಕ್ಕೂ ಆಗುವುದಿಲ್ಲ. ಅಷ್ಟು ಜೋರು ಹೇಗೆ ಕೂ ಹಾಕುವುದು?”

“ನನಗ ಕೇಳಸ್ತು ಅಕ್ಕಾ. ಭಾಳ ಸಲ ಕೇಳಸ್ತು.”

“ಆಯ್ತು, ಆಯ್ತು. ಸ್ವಲ್ಪ ಚಾ ಕುಡಿಯಿರಿ,” ಎಂದು ಗ್ರೇಸಿಯಕ್ಕ ಕುತ್ತಿಗೆಯ ಶಿಲುಬೆಯನ್ನು ಒಮ್ಮೆ ಮುಟ್ಟಿಕೊಂಡರು.

ಇವರಿಗೆ ಎಚ್ಚರವಾದ ಮೇಲೂ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದರಿಂದ ಮಾತಾಡುವಂತಿರಲಿಲ್ಲ. ನಾನು ಹಣೆ ಸವರುತ್ತ ಕೂತಿದ್ದೆ. ಕಣ್ಣು ತೆರೆದು, ಫೋನು ಕೊಡು ಎಂದು ಕೈ ಸನ್ನೆ ಮಾಡಿದರು. ಒಂದೊಂದೇ ಅಕ್ಷರ ನಿಧಾನವಾಗಿ ಒತ್ತಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮಗಳ ಬಗ್ಗೆ ಕೇಳುತ್ತಾರೆ, ಇಲ್ಲ ನೋವಿನ ಬಗ್ಗೆ ಎಂದುಕೊಂಡಿದ್ದೆ.

‘ನನ್ನನ್ನು ಅಲ್ಲಿಗೆ ಯಾಕೆ ಕರೆದೆ?’ ಎಂದಿತ್ತು.

ಹಲವು ದಿನಗಳಲ್ಲಿ ಇವರು ತುಂಡುತುಂಡಾಗಿ ಒತ್ತಿ ತೋರಿಸಿದ್ದನ್ನೆಲ್ಲ ಕೂಡಿಸಿ ಹೇಳುತ್ತೇನೆ. ಇವರು ಎದುರಿನ ಕಾಲುದಾರಿಯಲ್ಲಿ ಮೇಲೆ ಹೋಗಿ ಒಂದು ಚಪ್ಪಟೆ ಕಲ್ಲಿನ ಮೇಲೆ ಕೂತಿದ್ದರು. ಇನ್ನೂ ಬೂದುಬೆಳಕು. ಆಗ ನನ್ನ ಕೂ ಕೇಳಿತು, ಕೊರಕಲಿನ ಕಡೆಯಿಂದ. ನೆತ್ತಿಗೆ ಬಿಸಿಲು ಬಿದ್ದಿಲ್ಲವಲ್ಲ ಎಂದು ಸುಮ್ಮನಿದ್ದರು. ಮತ್ತೆ ಕೇಳಿತು, ಆಗಲೂ ಏಳಲಿಲ್ಲ. ಮೂರನೇ ಸಲವೂ ಕೇಳಿದ ಮೇಲೆಯೇ ಎದ್ದರು. ನಾನು ಯಾವುದೋ ಪ್ರಾಣಿಯ ಬೆನ್ನು ಹತ್ತಿ ಮೇಲೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ ಎಂದು ತಿಳಿದು, ಅವಸರದಲ್ಲಿ ಬಂಡೆಯ ಅಂಚಿಗೆ ಹೋದರು. ಕೂ ಕೆಳಗಡೆಯಿಂದ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ಬಂತಂತೆ. ‘ಎಲ್ಲಿದ್ದಿ’ ಎಂದು ಬಗ್ಗಿ ನೋಡಿದಾಗ ಕಾಲ ಕೆಳಗಿನ ಕಲ್ಲು ಜಾರಿತು.

“ನಾ ಕರೀಲಿಲ್ಲರೀ. ನರಿ ಮುಂದ ಕುಂತಿದ್ದೆ, ಉಸಿರು ಬಿಟ್ಟಿಲ್ಲ ನಾನು.”

‘ನಿನ್ನ ಕೂ ನನಗೆ ಗೊತ್ತಿಲ್ವಾ? ನಡುವೆ ಒಡೆಯುವುದು ಬೇರೆ ಯಾರದ್ದು?’

“ಬ್ಯಾರೆ ಏನರ ಇರಬೇಕು. ನೀವ ಹೇಳ್ತಿದ್ರೆಲ್ಲ, ಹಂಗ ಕರೀತಾವಂತ.”

ಇವರು ಮತ್ತೆ ಒತ್ತಿದರು: ‘ಮೂರು ಸಲ ಕರೆದದ್ದು. ಮನುಷ್ಯರೇ.’

ನಾನು ಇಪ್ಪತ್ತು ವರ್ಷ ಗೇಲಿ ಮಾಡಿದ ನಿಯಮವೇ ಈಗ ನನ್ನ ಮೇಲೆ ಸಾಕ್ಷಿಯಾಯಿತು. ದೆವ್ವ ಕರೆದದ್ದು ಎಂದು ನಾನು, ವಿಜ್ಞಾನದ ಟೀಚರು, ಗಂಡನಿಗೆ ಹೇಳುವುದು. ಅಲ್ಲ, ನನ್ನ ಹೆಂಡತಿ ಕರೆದದ್ದು ಎಂದು ಅಜ್ಜಿಯ ಮಾತು ಬಿಡದ ಗಂಡ ಹೇಳುವುದು. ಬೇರೆ ಹೊತ್ತಿನಲ್ಲಾಗಿದ್ದರೆ ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದೆವು. ಇವರು ನನ್ನನ್ನು ಬೈಯಲಿಲ್ಲ. ಬೇಕೆಂದು ಮಾಡಿದೆ ಎಂದೂ ಅನ್ನಲಿಲ್ಲ. ಕರೆದದ್ದನ್ನು ಇವಳು ಒಪ್ಪಿಕೊಳ್ಳುತ್ತಿಲ್ಲ, ಯಾಕೆ ಒಪ್ಪಿಕೊಳ್ಳುತ್ತಿಲ್ಲ ಎನ್ನುವುದು ಇವರ ಸಂಕಟವಾಗಿತ್ತು. ಇಪ್ಪತ್ತು ವರ್ಷದಲ್ಲಿ ಇವರು ನನ್ನ ಮಾತನ್ನು ನಂಬದೆ ಇದ್ದದ್ದು ಅದೇ ಮೊದಲು. ಅದು ನನ್ನನ್ನು ಎಷ್ಟು ಸುಟ್ಟಿತೆಂದು ಹೇಳಲಾರೆ.

ಮಗಳು ಅನು ಎಲ್ಲ ಕೇಳಿಸಿಕೊಂಡು, “ಅಮ್ಮಾ, ಇಟ್ಸ್ ಜಸ್ಟ್ ಅನ್ ಎಕೋ,” ಎಂದಳು. ನನ್ನ ಪಾಠವನ್ನೇ ನನಗೆ ಒಪ್ಪಿಸಿದಳು. ಎಕೋ ಆಗಬೇಕಾದರೆ ಮೊದಲು ಯಾರಾದರೂ ಕೂಗಬೇಕು ಕೂಸೇ ಎಂದೆ. ಆದರೂ ಒಂದು ಭಾನುವಾರ ಗ್ರೇಸಿಯಕ್ಕನನ್ನು ಕರೆದುಕೊಂಡು, ಹಗಲಿನಲ್ಲಿ, ಜನ ತುಂಬಿದ್ದಾಗಲೇ ಅಲ್ಲಿಗೆ ಹೋದೆ. ಅವರು ಮೊದಲು ಮೇಲಿನ ಚಪ್ಪಟೆ ಕಲ್ಲಿನ ಹತ್ತಿರ, ಆಮೇಲೆ ಕೊರಕಲಿನಲ್ಲಿ ನಿಂತರು, ಎರಡು ಸಲವೂ ನಾನು ನರಿ ಕಂಡ ಜಾಗದಲ್ಲಿ ನಿಂತು ಶಕ್ತಿ ಮೀರಿ ಕೂ ಹಾಕಿದೆ. ಕಾಲುವೆಯಲ್ಲಿ ಕಾಲು ಇಳಿಬಿಟ್ಟಿದ್ದವರೆಲ್ಲ ತಿರುಗಿ ನೋಡಿದರು. ಗ್ರೇಸಿಯಕ್ಕ ವಾಪಸು ಬಂದು, “ಶುರು ಮಾಡಿ, ನಾನು ಎಷ್ಟು ಹೊತ್ತು ನಿಲ್ಲುವುದು?” ಎಂದರು. ಅವರಿಗೆ ಏನೂ ಕೇಳಿರಲಿಲ್ಲ. ಜಾಗ ಬದಲಿಸಿ ನೋಡಿದೆವು, ಅವರ ಕೂಗು ನನಗೂ ಮುಟ್ಟಲಿಲ್ಲ. ನಡುವೆ ನಿಂತ ಬಂಡೆ ಸದ್ದನ್ನು ಆಚೆ ಬಿಡುತ್ತಿರಲಿಲ್ಲ. ನಾನು ಕೂಗಿಯೇ ಇದ್ದರೂ ಇವರಿಗೆ ಕೇಳಲು ಸಾಧ್ಯವಿರಲಿಲ್ಲ, ಇವರು ಓಗೊಟ್ಟೇ ಇದ್ದರೂ ನನಗೆ ಕೇಳಲು ಸಾಧ್ಯವಿರಲಿಲ್ಲ. ಆ ಕಾವಲುಗಾರನನ್ನು ಹುಡುಕಿ ಕೇಳೋಣವೆಂದರೆ ಅವನು ರಜೆಯ ಮೇಲೆ ಊರಿಗೆ ಹೋಗಿದ್ದ.

ಇದನ್ನು ಇವರಿಗೆ ಹೇಳಿದೆ. ನಂಬಿಸಲು ನನ್ನ ಹತ್ತಿರ ಇನ್ನೊಂದು ಸಾಕ್ಷಿಯೂ ಇತ್ತು, ನರಿಯ ಚಿತ್ರಗಳು. ಅಷ್ಟು ಹತ್ತಿರ ನಿಂತ ಕಾಡುಪ್ರಾಣಿ, ಹೆಂಗಸೊಬ್ಬಳು ಕೂಗಿದರೆ ಅರೆಗಳಿಗೆ ನಿಲ್ಲುತ್ತದೆಯೇ? ಲ್ಯಾಪ್‌ಟಾಪಿನಲ್ಲಿ ಎಲ್ಲವನ್ನೂ ಸಾಲಾಗಿ ಹಾಕಿ ಇವರ ಮಡಿಲಲ್ಲಿಟ್ಟು, ನೋಡ್ರಿ, ಎಷ್ಟು ಸಮಾಧಾನದಾಗ ಕುಡಿಲಿಕ್ಕತ್ತದ ನೋಡ್ರಿ ಎಂದೆ. ತಂತಿ ಬಿಚ್ಚಿ ಆಗಷ್ಟೇ ಮಾತು ಶುರುವಾಗಿತ್ತು, ಇವರು ಒಂದೊಂದೇ ಚಿತ್ರ ದಾಟಿಸುತ್ತ ಹೋದರು. ಒಂದು ಕಡೆ ನಿಂತರು. ಮತ್ತೆ ಮುಂದೆ ಹೋಗಿ ನಿಂತರು. ಇನ್ನೂ ಮುಂದೆ ಹೋಗಿ ನಿಂತು, ಪರದೆಯನ್ನು ನನ್ನ ಕಡೆ ತಿರುಗಿಸಿದರು.

ಕುಡಿಯುತ್ತಿದ್ದ ನರಿ ತಲೆ ಎತ್ತಿದ್ದು ಮೂರು ಸಲ. ಮೂರು ಸಲವೂ ಎರಡೂ ಕಿವಿ ನಿಗುರಿಸಿ, ಕಣ್ಣರಳಿಸಿ, ನನ್ನನ್ನು ನೋಡಿತ್ತು. ನಾನು ಹೆಮ್ಮೆಪಟ್ಟುಕೊಂಡಿದ್ದ ಚಿತ್ರಗಳೇ ಅವು. ನಡುವೆ ಮತ್ತೆಲ್ಲೂ ಅದು ನೀರು ಬಿಟ್ಟು ಮುಖ ಎತ್ತಿರಲಿಲ್ಲ.

ನಾನು ಇದಕ್ಕೆ ನೂರು ಕಾರಣ ಹೇಳಬಲ್ಲೆ, ಕುಡಿಯುವ ಪ್ರಾಣಿ ತಲೆ ಎತ್ತಿ ನೋಡುವುದು ಸಹಜ. ಆದರೆ ಆವತ್ತು ಆ ಪಠಾಣನ ಮಾತು ನೆನಪಾಯಿತು: ಹೆಂಗಸಿನ ಧ್ವನಿ, ನೀರಿನ ಕಡೆಯಿಂದ. ನನ್ನ ಕೂ ಇವರಿಗೆ ಕೇಳಿಸಿದೆ, ಅವನಿಗೆ ಕೇಳಿಸಿದೆ, ನರಿಗೂ ಕೇಳಿಸಿದ ಹಾಗಿದೆ. ಕೇಳದವಳು ನಾನೊಬ್ಬಳೇ. ಇನ್ನು ನನಗೆ ಕೇಳಿದ ಇವರ ಕೂ ಬೇರೆ ಯಾರಿಗೂ ಕೇಳಿಲ್ಲ. ಒಂದು ಕೂ ಇವರನ್ನು ಬೀಳಿಸಿತು, ಇನ್ನೊಂದು ಕೂ ಬಿದ್ದಲ್ಲಿಗೆ ನನ್ನನ್ನು ಮುಟ್ಟಿಸಿ ಉಳಿಸಿತು. ಎರಡೂ ಒಂದೇ ಬಾಯಿಂದ ಬಂದವೋ, ಬೇರೆಬೇರೆಯವೋ, ಬಂದದ್ದೇ ಸುಳ್ಳೋ, ನನಗೆ ತಿಳಿಯದು. ಇವರು ಲ್ಯಾಪ್‌ಟಾಪ್ ಮುಚ್ಚಿ, “ಬಿಡು ಮಾರಾಯ್ತಿ, ಖಲಾಸ್,” ಎಂದರು. ಹೇಳಿದ ಧ್ವನಿಯಲ್ಲಿ ಕರುಣೆಯಿತ್ತು, ನನಗೆ ಅದೇ ಸಹಿಸಲಾಗಲಿಲ್ಲ.

ಅದರ ನಂತರ ನಾವು ಆ ಮಾತು ಎತ್ತಿಲ್ಲ. ಇವರು ಕೆಲಸಕ್ಕೆ ಹೋಗುತ್ತಾರೆ, ದವಡೆ ಚೆನ್ನಾಗಿ ಕೂಡಿಕೊಂಡಿದೆ, ಚಳಿ ಬಿದ್ದಾಗ ಮಾತ್ರ ನೋಯುತ್ತದೆ. ನಮ್ಮ ಸಂಸಾರ ಚೆನ್ನಾಗಿದೆ ಎಂದು ಯಾರು ಬೇಕಾದರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಒಂದೇ ಒಂದು ವ್ಯತ್ಯಾಸ. ಮೊದಲೆಲ್ಲ ನಾನು ಅಡುಗೆಮನೆಯಿಂದ ‘ಏನ್ರೀ, ಊಟಕ್ಕ ಬರ್ರಿ’ ಎಂದರೆ ಹಾಲ್‌ನಿಂದ ‘ಬಂದೆ’ ಎಂಬ ಮಾತು ಬರುತ್ತಿತ್ತು. ಈಗ ಬರುವುದಿಲ್ಲ. ಟಿವಿಯ ಸದ್ದು ನಿಲ್ಲುತ್ತದೆ, ಆಮೇಲೆ ಇವರ ಹೆಜ್ಜೆ ಕೇಳುತ್ತದೆ. ಅಡುಗೆಮನೆಯ ಬಾಗಿಲವರೆಗೆ ಬಂದು, ನಿಂತು, ನನ್ನ ಮುಖವನ್ನು ನೋಡಿ, “ಎಂತ, ನೀನಾ ಕರೆದದ್ದು?” ಎಂದು ಕೇಳುತ್ತಾರೆ.

ಹೌದು ಎನ್ನುತ್ತೇನೆ. ಹಾಗೆನ್ನುವ ಮುಂಚೆ ಪ್ರತಿ ಸಲವೂ ಒಂದು ಗಳಿಗೆ ಸೌಟು ಹಿಡಿದು ನಿಂತು, ಕರೆದದ್ದು ನಾನೇ ಹೌದಾ ಎಂದು ನೆನಪು ಮಾಡಿಕೊಳ್ಳುತ್ತೇನೆ.